ಆಡು ಮುಟ್ಟದ ಸೊಪ್ಪಿನ ಎಣ್ಣೆ

ನಮ್ಮ ಕಡೆಯ ಮನೆಗಳಲ್ಲಿ ದೇವರ ಗೂಡಿನ ಪಕ್ಕದಲ್ಲೋ, ಗೋಡೆಗನ್ನಡಿಯ ಕೆಳಗಿನ ಹಲಗೆಯ ಮೇಲೋ ಕಂದು ಬಣ್ಣದ ಪುಟ್ಟ ಸೀಸೆಯೊಂದು ಇದ್ದೇ ಇರುತ್ತದೆ. ಅದರ ಮುಚ್ಚಳ ತೆಗೆದರೆ ಪಕ್ಕದ ಮನೆಯವರಿಗೂ ಇಲ್ಲಿ ಯಾರಿಗೋ ನೆಗಡಿ ಎಂದು ತಿಳಿದುಹೋಗುತ್ತದೆ. ನೀಲಗಿರಿ ಎಣ್ಣೆ! ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ನಮ್ಮ ಗಡಿ ಸೀಮೆಯಲ್ಲಿ ಇದಕ್ಕೆ ‘ತೈಲಂ’ ಎಂದರೆ ಸಾಕು. ಅಂಗಡಿಯವನು ಯಾವ ತೈಲ ಎಂದು ಮರಳಿ ಕೇಳುವುದಿಲ್ಲ.

ವಿಜ್ಞಾನದ ಮೇಷ್ಟರಾಗಿ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈಗ ಚಿಕ್ಕಬಳ್ಳಾಪುರ ಎಂದು ನಾಲ್ಕೂ ತಾಲ್ಲೂಕುಗಳ ನೀರು ಕುಡಿದವನು ನಾನು. ಎಲ್ಲಿಗೆ ವರ್ಗವಾದರೂ ಟ್ರಂಕಿನಲ್ಲಿ ನನ್ನ ತಾಯಿ ಇಟ್ಟುಕೊಡುತ್ತಿದ್ದ ಮೊದಲ ವಸ್ತು ಈ ಸೀಸೆ. ಆಕೆಯ ಮಟ್ಟಿಗೆ ಅದು ಮಂಡಿ ನೋವಿನ ಮದ್ದು, ತಲೆಭಾರಕ್ಕೆ ಮದ್ದು, ಬಸ್ಸಿನಲ್ಲಿ ವಾಕರಿಕೆ ಬಂದರೆ ಮೂಸಲು ಮದ್ದು. ಬಿ.ಎಸ್‌ಸಿ. ಓದಿದ ಮಗನಿಗೆ ಇದರ ಅಣುಸೂತ್ರ ಗೊತ್ತು, ಆದರೆ ಹಚ್ಚಿಕೊಳ್ಳಲು ಬಾರದು ಎಂಬುದು ಆಕೆಯ ದೂರು.

ಈಚೆಗೆ ಈ ಸೀಸೆಗೊಂದು ಸವತಿ ಬಂದಿದೆ. ಬೆಂಗಳೂರಿನಿಂದ ಬರುವ ನೆಂಟರ ಕೈಚೀಲದಲ್ಲಿ ನೇರಳೆ ಬಣ್ಣದ ಚೀಟಿ ಅಂಟಿಸಿದ ಲ್ಯಾವೆಂಡರ್ ಎಣ್ಣೆ ಇರುತ್ತದೆ. ದಿಂಬಿನ ಮೇಲೆ ಎರಡು ಹನಿ ಹಾಕಿದರೆ ನಿದ್ದೆ ಬರುತ್ತದಂತೆ, ಬಟ್ಟೆಯ ಬೀರುವಿಗೆ ಹಾಕಿದರೆ ನುಸಿ ಬಾರದಂತೆ. ಬೆಲೆ ಕೇಳಿದರೆ ಮಾತ್ರ ಬಂದ ನಿದ್ದೆಯೂ ಹಾರಿಹೋಗುತ್ತದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಸಾರ್, ಲ್ಯಾವೆಂಡರ್ ಒಳ್ಳೆಯದೋ, ನಮ್ಮ ನೀಲಗಿರಿ ಒಳ್ಳೆಯದೋ?” ಪ್ರಶ್ನೆ ಚಿಕ್ಕದು, ಉತ್ತರ ಎರಡು ಪೀರಿಯಡ್ ಹಿಡಿಯಿತು.

ಲ್ಯಾವೆಂಡರ್ ಮೂಲತಃ ಮೆಡಿಟರೇನಿಯನ್ ಸೀಮೆಯ ಗಿಡ. ನಮ್ಮ ದೇಶದಲ್ಲಿ ಈಗ ಜಮ್ಮು ಕಾಶ್ಮೀರದ ಭದರ್‌ವಾಹ ಸುತ್ತಮುತ್ತ ರೈತರು ಬೆಳೆಯುತ್ತಾರೆ. ಅದರ ಕಂಪಿಗೆ ಮುಖ್ಯ ಕಾರಣ ಲಿನಲೂಲ್ ಮತ್ತು ಅದರ ಎಸ್ಟರ್ ಆದ ಲಿನಲಿಲ್ ಅಸಿಟೇಟ್. ಈ ಲಿನಲೂಲನ್ನು ಹುಡುಕಲು ಕಾಶ್ಮೀರಕ್ಕೆ ಹೋಗಬೇಕಿಲ್ಲ, ಅಡುಗೆಮನೆಯ ಸಾಂಬಾರ ಡಬ್ಬಿಗೆ ಹೋದರೆ ಸಾಕು. ಕೊತ್ತಂಬರಿ ಬೀಜದ ಸುವಾಸನಾ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಅದೇ ಲಿನಲೂಲ್. ಒಂದೇ ವ್ಯತ್ಯಾಸ: ಲ್ಯಾವೆಂಡರಿನ ಅಣುವೂ ಕೊತ್ತಂಬರಿಯ ಅಣುವೂ ಎಡಗೈ ಬಲಗೈ ಇದ್ದಂತೆ, ಒಂದು ಇನ್ನೊಂದರ ಕನ್ನಡಿ ಬಿಂಬ. ಬಲಗಾಲಿನ ಚಪ್ಪಲಿ ಎಡಗಾಲಿಗೆ ಸರಿಹೊಂದದ ಹಾಗೆ ಮೂಗಿನೊಳಗಿನ ಗ್ರಾಹಕಗಳಿಗೂ ಇವೆರಡೂ ಕೊಂಚ ಬೇರೆಯಾಗಿ ತಾಗುತ್ತವೆ. ಇದನ್ನು ಕೇಳಿದ ಹುಡುಗಿ ಮರುದಿನ ಒಂದು ಹಿಡಿ ಕೊತ್ತಂಬರಿ ಬೀಜ ಜಜ್ಜಿ ಪೊಟ್ಟಣ ಕಟ್ಟಿ ತಂದಿದ್ದಳು. ತರಗತಿಯಲ್ಲಿ ಯಾರಿಗೂ ನಿದ್ದೆ ಬರಲಿಲ್ಲ, ಎಲ್ಲರಿಗೂ ಸಾರಿನ ನೆನಪಾಯಿತು!

ಇನ್ನು ನಮ್ಮ ನೀಲಗಿರಿ. ಹೆಸರು ಕೇಳಿದರೆ ಮರ ಊಟಿಯದೆಂದು ಅನ್ನಿಸುತ್ತದೆ. ಹುಟ್ಟೂರು ಆಸ್ಟ್ರೇಲಿಯಾ. 1843ರಲ್ಲಿ ನೀಲಗಿರಿ ಬೆಟ್ಟಗಳಲ್ಲಿ ಬ್ರಿಟಿಷರು ಅದನ್ನು ಸೌದೆಗಾಗಿ ನೆಟ್ಟರು, ಬೆಟ್ಟದ ಹೆಸರು ಮರಕ್ಕೆ ಅಂಟಿಕೊಂಡಿತು. ಆದರೆ ಅದಕ್ಕೂ ಅರ್ಧ ಶತಮಾನ ಮೊದಲೇ, 1790ರ ಆಸುಪಾಸಿನಲ್ಲಿ, ಟಿಪ್ಪು ಸುಲ್ತಾನ ನಮ್ಮ ನಂದಿ ಬೆಟ್ಟದ ತೋಟದಲ್ಲಿ ಇದರ ಹಲವು ಜಾತಿಗಳನ್ನು ಬೆಳೆಸಿದನೆಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ನಂದಿಯಿಂದ ಹಬ್ಬಿದ ತಳಿಗೆ ‘ಮೈಸೂರು ಗಮ್’ ಎಂಬ ಹೆಸರೇ ಬಂತು. ಭಾರತದ ಬಯಲು ಸೀಮೆಗಳಲ್ಲೆಲ್ಲ ಕಾಣುವ ನೀಲಗಿರಿ ತೋಪುಗಳ ಬಹುಭಾಗದ ಮೂಲಪುರುಷ ನಮ್ಮ ಜಿಲ್ಲೆಯ ಈ ಬೆಟ್ಟದಲ್ಲಿದ್ದ ಎಂಬುದು ಹೆಮ್ಮೆಯ ವಿಷಯವೋ ಅಲ್ಲವೋ, ಮುಂದೆ ನೋಡೋಣ.

ಅಂಗಡಿಯ ಎಣ್ಣೆ ಮಾತ್ರ ನಮ್ಮ ಬಯಲಿನ ಮರದ್ದಲ್ಲ. ಊಟಿಯ ಕಡೆ ಬೆಳೆಯುವ ಯೂಕಲಿಪ್ಟಸ್ ಗ್ಲೋಬ್ಯುಲಸ್ ಎಂಬ ಜಾತಿಯ ಎಲೆಯಿಂದ ಮನೆಮದ್ದಿನ ಎಣ್ಣೆ ತೆಗೆಯುತ್ತಾರೆ. ನಮ್ಮ ಮೈಸೂರು ಗಮ್‌ನ ಎಲೆಯಲ್ಲಿ ಎಣ್ಣೆಯೂ ಕಡಿಮೆ, ಅದರೊಳಗಿನ ಸಿನಿಯೋಲ್ ಎಂಬ ಮುಖ್ಯ ವಸ್ತುವೂ ಕಡಿಮೆ. ನೂರು ಕೆ.ಜಿ. ಒಳ್ಳೆಯ ಎಲೆ ಬೇಯಿಸಿದರೆ ಒಂದೆರಡು ಕೆ.ಜಿ. ಎಣ್ಣೆ ಸಿಕ್ಕೀತು.

ಎಣ್ಣೆ ತೆಗೆಯುವ ಕ್ರಮದಲ್ಲಿ ಹತ್ತನೇ ತರಗತಿಯವರಿಗೆ ಒಂದು ಒಳ್ಳೆಯ ಪಾಠವಿದೆ. ಸಿನಿಯೋಲ್ ಕುದಿಯುವುದು ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಹಂಡೆಯ ನೀರು ಕುದಿಯುವುದು 100 ಡಿಗ್ರಿಯಲ್ಲಿ. ಹಾಗಿದ್ದರೆ ಎಣ್ಣೆ ಹೇಗೆ ಆವಿಯಾಗುತ್ತದೆ? ನೀರೂ ಎಣ್ಣೆಯೂ ಒಂದರಲ್ಲೊಂದು ಬೆರೆಯದ ದ್ರವಗಳು. ಬಿಸಿಯಾದಾಗ ಎರಡೂ ತಮ್ಮ ತಮ್ಮ ಆವಿಯ ಒತ್ತಡವನ್ನು ಹೊಮ್ಮಿಸುತ್ತವೆ. ಈ ಎರಡು ಒತ್ತಡಗಳು ಕೂಡಿ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದ ಕ್ಷಣವೇ ಮಿಶ್ರಣ ಕುದಿಯುತ್ತದೆ, ಅದೂ 100 ಡಿಗ್ರಿಗಿಂತ ತುಸು ಮೊದಲೇ. ನೀರು ಹೆಗಲು ಕೊಟ್ಟು ಎಣ್ಣೆಯನ್ನು ಹೊತ್ತು ತರುತ್ತದೆ ಎನ್ನಿ. ತಣಿಸಿದ ಮೇಲೆ ಎಣ್ಣೆ ನೀರಿನ ಮೇಲೆ ತೇಲುತ್ತದೆ, ಬೇರ್ಪಡಿಸುವುದು ಸುಲಭ.

ಇದು ಕೊಬ್ಬರಿ ಎಣ್ಣೆಯಂಥ ಎಣ್ಣೆಯಲ್ಲ ಎಂಬುದನ್ನು ಮಕ್ಕಳೇ ಮನೆಯಲ್ಲಿ ಪರೀಕ್ಷಿಸಬಹುದು. ಬಿಳಿ ಕಾಗದದ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ, ಪಕ್ಕದಲ್ಲಿ ಒಂದು ಹನಿ ನೀಲಗಿರಿ ಎಣ್ಣೆ ಬಿಡಿ. ಮರುದಿನ ನೋಡಿದರೆ ಒಂದರ ಜಿಡ್ಡುಕಲೆ ಹಾಗೇ ಇರುತ್ತದೆ, ಇನ್ನೊಂದು ಬಹುತೇಕ ಮಾಯವಾಗಿರುತ್ತದೆ. ಮಾಯವಾಗದೆ ದಪ್ಪ ಜಿಡ್ಡು ಉಳಿದರೆ ಅಂಗಡಿಯವನು ಬೇರೆ ಎಣ್ಣೆ ಬೆರೆಸಿದ್ದಾನೆಂದು ಅನುಮಾನಿಸಬಹುದು. ತರಗತಿಯ ಮೂಲೆಯಲ್ಲಿ ಸೀಸೆ ತೆರೆದು, ವಾಸನೆ ತಲುಪಿದವರು ಕೈ ಎತ್ತಿ ಎಂದರೆ ಕೈಗಳು ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿಗೆ ಅಲೆಯಂತೆ ಏಳುತ್ತವೆ. ವಿಸರಣೆಯ ಪಾಠಕ್ಕೆ ಇದಕ್ಕಿಂತ ಅಗ್ಗದ ಉಪಕರಣ ನಾನು ಕಂಡಿಲ್ಲ. ಉಬ್ಬಸವಿರುವ ಮಕ್ಕಳನ್ನು ಮಾತ್ರ ಮೊದಲೇ ಕೇಳಿ ದೂರ ಕೂರಿಸಬೇಕು, ಘಾಟು ವಾಸನೆ ಕೆಲವರಿಗೆ ಆಗುವುದಿಲ್ಲ.

ಮನೆಯ ಉಪಯೋಗಗಳಿಗೆ ಬರೋಣ. ಮೊದಲನೆಯದು ನೆಗಡಿ. ಮೂಗು ಕಟ್ಟಿದಾಗ ಕರವಸ್ತ್ರಕ್ಕೆ ಒಂದೆರಡು ಹನಿ ಹಾಕಿ ಮೂಸಿದರೆ ಹಾಯೆನಿಸುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ನಮ್ಮ ಚರ್ಮ, ಮೂಗುಗಳ ನರಗಳಲ್ಲಿ ತಂಪನ್ನು ಗುರುತಿಸುವ ಗ್ರಾಹಕವೊಂದಿದೆ. ಇದನ್ನು 2002ರಲ್ಲಿ ಇಬ್ಬರು ವಿಜ್ಞಾನಿಗಳು, ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್, ಪ್ರತ್ಯೇಕವಾಗಿ ಗುರುತಿಸಿದರು. ಉಷ್ಣ ಮತ್ತು ಸ್ಪರ್ಶದ ಗ್ರಾಹಕಗಳ ಶೋಧಕ್ಕಾಗಿ 2021ರ ನೊಬೆಲ್ ಅವರಿಬ್ಬರಿಗೆ ಬಂತು. ಪುದೀನದ ಮೆಂಥಾಲ್, ನೀಲಗಿರಿಯ ಸಿನಿಯೋಲ್ ಎರಡೂ ಈ ಗ್ರಾಹಕವನ್ನು ತಟ್ಟಿ, ತಂಪಿಲ್ಲದಿದ್ದರೂ ತಂಪೆಂದು ಮಿದುಳಿಗೆ ವರದಿ ಮಾಡಿಸುತ್ತವೆ. ತಂಪಾದ ಗಾಳಿ ಒಳಗೆ ಹೋಗುತ್ತಿದೆ ಎಂದು ನಮಗನ್ನಿಸುತ್ತದೆ. ಕಟ್ಟಿದ ಮೂಗು ನಿಜವಾಗಿ ತೆರೆದಿರಬೇಕೆಂದೇನೂ ಇಲ್ಲ! ಆದರೂ ರಾತ್ರಿ ನಿದ್ದೆಗೆ ಆ ಅನ್ನಿಸಿಕೆಯೇ ಸಾಕಾಗುತ್ತದೆ. ನೆಗಡಿಯ ವೈರಸ್ಸನ್ನು ಅದು ಓಡಿಸುವುದಿಲ್ಲ. 2020 ಮತ್ತು 2021ರಲ್ಲಿ ಕೊರೋನಾ ಹೆದರಿಕೆಯಿಂದ ಮನೆಮನೆಯಲ್ಲೂ ದಿನಕ್ಕೆ ನಾಲ್ಕು ಸಲ ಹಬೆ ಹಿಡಿದರು. ಹಬೆಯಿಂದ ಕೊರೋನಾ ಸಾಯಲಿಲ್ಲ. ಕುದಿಯುವ ನೀರಿನ ಪಾತ್ರೆ ಮಗುಚಿದರೆ ಮಾತ್ರ ಮೈ ಸುಡುತ್ತದೆ. ಹಬೆ ಬೇಕೇ ಬೇಕೆಂದರೆ ದೊಡ್ಡವರು ಅಗಲ ತಳದ ಪಾತ್ರೆಯನ್ನು ಮೇಜಿನ ಮೇಲೆ ಗಟ್ಟಿಯಾಗಿರಿಸಿ, ಒಲೆಯಿಂದ ಇಳಿಸಿದ ಮೇಲೆ ಎರಡು ಹನಿ ಹಾಕಿ, ಕಣ್ಣು ಮುಚ್ಚಿ ತೆಗೆದುಕೊಳ್ಳಲಿ. ಉರಿಯುವ ಒಲೆಯ ಬಳಿ ಸೀಸೆ ತೆರೆಯಬೇಡಿ, ಇದರ ಆವಿ ಬೇಗ ಹೊತ್ತಿಕೊಳ್ಳುತ್ತದೆ.

ಎರಡನೆಯದು ಮೈಕೈ ನೋವು. ಒಂದು ಚಮಚ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಗೆ ಮೂರು ನಾಲ್ಕು ಹನಿ ಬೆರೆಸಿ ತಿಕ್ಕುವುದು ಲೇಸು. ನೇರವಾಗಿ ಹಚ್ಚಿದರೆ ಕೆಲವರಿಗೆ ಚರ್ಮ ಕೆಂಪಾಗಿ ಉರಿಯುತ್ತದೆ. ಉಪಶಮನದಲ್ಲಿ ಎಣ್ಣೆಯ ಪಾಲೆಷ್ಟು, ತಿಕ್ಕುವ ಕೈಯ ಪಾಲೆಷ್ಟು ಎಂದು ಲೆಕ್ಕ ಹಾಕುವುದು ಕಷ್ಟ. ನನ್ನ ತಾಯಿಗೆ ಮೊಮ್ಮಗಳು ತಿಕ್ಕಿದರೆ ಬೇಗ ವಾಸಿಯಾಗುತ್ತಿತ್ತು, ನಾನು ತಿಕ್ಕಿದರೆ ತಡವಾಗುತ್ತಿತ್ತು.

ಮೂರನೆಯದು ಶುಚಿ. ಹೊಸ ಸ್ಟೀಲ್ ಡಬ್ಬಿಯ ಮೇಲಿನ ಅಂಟುಚೀಟಿ, ಸಮವಸ್ತ್ರಕ್ಕೆ ಮೆತ್ತಿದ ಚೂಯಿಂಗ್ ಗಮ್, ಸೈಕಲ್ ಚೈನಿನ ಜಿಡ್ಡು, ಇವನ್ನೆಲ್ಲ ನೀಲಗಿರಿ ಎಣ್ಣೆ ಸಡಿಲಿಸುತ್ತದೆ. ಜಿಡ್ಡು ಜಿಡ್ಡನ್ನು ಕರಗಿಸುತ್ತದೆ ಎಂಬುದೇ ಇದರ ತತ್ವ. ಬಟ್ಟೆಯ ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಆಮೇಲೆ ಸೋಪಿನಿಂದ ಒಗೆಯಿರಿ. ಥರ್ಮೋಕೋಲ್, ಅಗ್ಗದ ಪ್ಲಾಸ್ಟಿಕ್ ಲೋಟಗಳಲ್ಲಿ ಹಾಕಿಡಬೇಡಿ, ಅವೂ ಮೆತ್ತಗಾದಾವು. ನೆಲ ಒರೆಸುವ ನೀರಿಗೆ ಕೆಲವು ಹನಿ ಹಾಕಿದರೆ ಮನೆ ಘಮಘಮಿಸುತ್ತದೆ. ಘಮವೇ ಶುಚಿಯಲ್ಲ, ವಾಂತಿಭೇದಿಯ ಕಾಲದಲ್ಲಿ ಬ್ಲೀಚಿಂಗ್ ಪುಡಿಯ ಜಾಗಕ್ಕೆ ಇದು ಬಾರದು.

ಸೊಳ್ಳೆಯ ವಿಷಯ ಹಲವರು ಕೇಳುತ್ತಾರೆ. ಸಾದಾ ನೀಲಗಿರಿ ಎಣ್ಣೆ ಬೇಗ ಆರಿಹೋಗುವುದರಿಂದ ಅದರ ರಕ್ಷಣೆ ಸ್ವಲ್ಪ ಹೊತ್ತಿನದು. ನಿಂಬೆ ವಾಸನೆಯ ನೀಲಗಿರಿ ಜಾತಿಯೊಂದಿದೆ. ಅದರಿಂದ ಸಂಸ್ಕರಿಸಿದ ಪಿ.ಎಂ.ಡಿ. ಎಂಬ ವಸ್ತು ಹೆಚ್ಚು ಕಾಲ ಸೊಳ್ಳೆಯನ್ನು ದೂರವಿಡುತ್ತದೆ. ಆದರೆ ಅದೂ ನಮ್ಮ ಕಂದು ಸೀಸೆಯದೂ ಒಂದೇ ಅಲ್ಲ. ಡೆಂಗ್ಯೂ ಕಾಲದಲ್ಲಿ ಇದನ್ನೇ ನಂಬಿ ಕೂರುವ ಬದಲು ತೊಟ್ಟಿಯ ನೀರು ಚೆಲ್ಲಿ ಒಣಗಿಸುವುದು ಮೇಲು. ಶಿಡ್ಲಘಟ್ಟ, ಚಿಂತಾಮಣಿ ಸೀಮೆಯ ರೇಷ್ಮೆ ಮನೆಗಳಲ್ಲಂತೂ ಘಾಟು ವಾಸನೆಯ ಯಾವ ಪ್ರಯೋಗವೂ ಬೇಡ. ಹುಳು ಸಾಕುವವರು ಸೊಳ್ಳೆಬತ್ತಿಯನ್ನಾಗಲೀ ಬೀಡಿಯನ್ನಾಗಲೀ ಹುಳುಮನೆಯ ಹತ್ತಿರ ಸೇರಿಸುವುದಿಲ್ಲ. ಸೊಳ್ಳೆಗೆ ಕೆಟ್ಟದ್ದು ರೇಷ್ಮೆ ಹುಳುವಿಗೂ ಕೆಟ್ಟದ್ದೇ, ಎರಡೂ ಕೀಟಗಳಲ್ಲವೇ?

ಇಷ್ಟೆಲ್ಲ ಹೊಗಳಿದ ಮೇಲೆ, ತಂದೆತಾಯಿಗಳು ಗಮನವಿಟ್ಟು ಓದಬೇಕಾದ ಮಾತೊಂದಿದೆ. ಚಿಂತಾಮಣಿಯಲ್ಲಿ ನಾವಿದ್ದ ಬೀದಿಯಲ್ಲಿ ಒಂದು ರಾತ್ರಿ ಕರೆಂಟು ಹೋಗಿತ್ತು. ಮೂರು ವರ್ಷದ ಮಗುವಿಗೆ ಕೆಮ್ಮು. ಅಜ್ಜಿ ಕತ್ತಲಲ್ಲಿ ಗೂಡಿಗೆ ಕೈಹಾಕಿ ಕೆಮ್ಮಿನ ಔಷಧಿಯೆಂದು ತೈಲದ ಸೀಸೆ ಎತ್ತಿ ಒಂದು ಚಮಚ ಕುಡಿಸಿಬಿಟ್ಟರು. ಎರಡೂ ಕಂದು ಸೀಸೆಗಳೇ, ಒಂದೇ ಅಳತೆಯವೇ. ಮಗು ಕೆಮ್ಮಿ, ಉಸಿರು ಸಿಕ್ಕಿಕೊಂಡು, ಹತ್ತೇ ನಿಮಿಷದಲ್ಲಿ ತೂಕಡಿಸತೊಡಗಿತು. ಬೀದಿಯ ಹೆಂಗಸರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎಂದು ಕೂಗಿಕೊಂಡರು. ನಾನು ತಡೆದು, ಸೀಸೆಯನ್ನೂ ಮಗುವನ್ನೂ ಆಟೋದಲ್ಲಿ ಹಾಕಿಕೊಂಡು ಅದರ ತಂದೆಯೊಡನೆ ಆಸ್ಪತ್ರೆಗೆ ಓಡಿದೆ. ವಾಂತಿಯಾದರೆ ಈ ತೆಳು ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಅಲ್ಲಿಗೆ ತಲುಪುವಷ್ಟರಲ್ಲಿ ಮಗುವಿಗೆ ಫಿಟ್ಸ್ ಬಂತು. ಡಾಕ್ಟರು ರಾತ್ರಿಯಿಡೀ ಪಕ್ಕದಲ್ಲಿದ್ದರು. ಮೂರನೆಯ ದಿನ ಮಗು ಮನೆಗೆ ಬಂತು. ಅಜ್ಜಿ ಮಾತ್ರ ಬಹಳ ದಿನ ಮಗುವನ್ನು ಎತ್ತಿಕೊಳ್ಳಲೇ ಇಲ್ಲ. ಆಕೆಯ ಮುಖ ನನಗೆ ಇಂದೂ ಮರೆತಿಲ್ಲ.

ಚಿಕ್ಕ ಮಕ್ಕಳಿಗೆ ಒಂದು ಟೀ ಚಮಚ, ಕೆಲವೊಮ್ಮೆ ಅದಕ್ಕೂ ಕಡಿಮೆ, ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೂ ಮಂಪರು, ಫಿಟ್ಸ್, ಉಸಿರಾಟದ ತೊಂದರೆ ಬರಬಹುದು. ಕರ್ಪೂರವೂ ಹಾಗೆಯೇ. ದೊಡ್ಡವರಿಗೂ ಇದು ಅನ್ವಯಿಸುತ್ತದೆ. ನೀಲಗಿರಿ, ಕರ್ಪೂರ ಬೆರೆತ ತೈಲ, ಬಾಮುಗಳ ಬಳಕೆಗೂ ಕೆಲವರಲ್ಲಿ ಕಾಣಿಸುವ ಫಿಟ್ಸಿಗೂ ನಂಟಿದೆಯೆಂದು ಬೆಂಗಳೂರಿನ ನರರೋಗ ತಜ್ಞರು ನೇತೃತ್ವ ವಹಿಸಿದ್ದ, 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆದ್ದರಿಂದ ಎಳೆಮಕ್ಕಳ ಮೂಗಿಗೆ, ಎದೆಗೆ ಈ ಎಣ್ಣೆ ಹಚ್ಚಬೇಡಿ. ಕರ್ಪೂರದ ಗಂಟನ್ನು ತೊಟ್ಟಿಲಿಗೆ, ಕೊರಳಿಗೆ ಕಟ್ಟಬೇಡಿ. ಫಿಟ್ಸ್ ಇರುವವರು ಡಾಕ್ಟರನ್ನು ಕೇಳದೆ ಬಳಸಬೇಡಿ. ಸೀಸೆಯನ್ನು ಕೆಮ್ಮಿನ ಔಷಧಿಯ ಜೊತೆ ಇಡಲೇಬೇಡಿ. ನಮ್ಮ ಮನೆಯ ಸೀಸೆಯ ಕುತ್ತಿಗೆಗೆ ಆ ರಾತ್ರಿಯಿಂದ ಒರಟು ಸುತಲಿ ದಾರ ಸುತ್ತಿದೆ, ಕತ್ತಲಲ್ಲೂ ಕೈಗೆ ತಿಳಿಯಲೆಂದು. ಲ್ಯಾವೆಂಡರ್ ಸೀಸೆಗೂ ಇದೇ ನಿಯಮ. ಗಿಡದಿಂದ ಬಂದದ್ದೆಲ್ಲ ಸಾಧುವಲ್ಲ, ಎಕ್ಕವೂ ಗಿಡವೇ, ದತ್ತೂರವೂ ಗಿಡವೇ.

ಮರವೇಕೆ ಇಂಥ ಘಾಟು ಎಣ್ಣೆಯನ್ನು ಎಲೆಯಲ್ಲಿ ತುಂಬಿಕೊಂಡಿದೆ? ನಮ್ಮ ನೆಗಡಿಗಾಗಿ ಖಂಡಿತ ಅಲ್ಲ. ಎಲೆ ತಿನ್ನುವ ಕೀಟ, ಪ್ರಾಣಿಗಳಿಂದ ತಪ್ಪಿಸಿಕೊಳ್ಳಲು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ಸುಳ್ಳು ಮಾಡಿದ ಮರ ಇದು. ನಮ್ಮ ಕುರಿ ಮೇಕೆಗಳ ಸೀಮೆಯಲ್ಲಿ ಬೇಲಿಯಿಲ್ಲದೆ, ಕಾವಲಿಲ್ಲದೆ ಬದುಕುವ ಸಸಿ ಯಾವುದೆಂದು ಹುಡುಕಿದವರಿಗೆ ಇದಕ್ಕಿಂತ ಬೇರೆ ಬೇಕಿರಲಿಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಆಗಿನ ಅವಿಭಜಿತ ಕೋಲಾರ ಜಿಲ್ಲೆಯ ಗೋಮಾಳ, ಕೆರೆಯಂಗಳ, ರಾಗಿ ಹೊಲಗಳಲ್ಲೆಲ್ಲ ನೀಲಗಿರಿ ಎದ್ದಿತು. ಕಾಗದ, ರೇಯಾನ್ ಕಾರ್ಖಾನೆಗಳಿಗೆ, ಸಾರುವೆ ಗಳುಗಳಿಗೆ ಮರ ಹೋಯಿತು. 1983ರಲ್ಲೇ ತುಮಕೂರು ಜಿಲ್ಲೆಯಲ್ಲಿ ರೈತರು ಸಸಿಗಳನ್ನು ಕಿತ್ತು ಪ್ರತಿಭಟಿಸಿದ್ದರು.

ಮರ ನೀರು ಕುಡಿಯುತ್ತದೆಯೋ ಇಲ್ಲವೋ ಎಂಬ ಜಗಳ ಆಗಿನಿಂದಲೂ ಇದೆ. ಎರಡು ಕಡೆಯವರೂ ಜೋರಾಗಿ ಮಾತಾಡಿದರು, ಕೆಲವರು ಅಳೆದರು. ನಮ್ಮ ನೆರೆಯ ಹೊಸಕೋಟೆಯಲ್ಲಿ ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಕರ್ನಾಟಕ ಅರಣ್ಯ ಇಲಾಖೆಯೊಡನೆ ಸೇರಿ ಹಲವು ವರ್ಷ ಅಳತೆ ಮಾಡಿದರು. ಮಣ್ಣು ಆಳವಿಲ್ಲದ ಕಡೆ ನೀಲಗಿರಿ ಕುಡಿದದ್ದು ನಾಡಕಾಡಿನಷ್ಟೇ. ರಾಗಿ ಹೊಲ ಕುಡಿದದ್ದು ಕಾಡಿನ ಸುಮಾರು ಅರ್ಧ. ಆದರೆ ಬೇರಿಗೆ ಎಂಟು ಮೀಟರಿನಷ್ಟು ಆಳದ ಮಣ್ಣು ಸಿಕ್ಕ ಕಡೆ, ಮೂರು ಬರಗಾಲದ ವರ್ಷಗಳಲ್ಲಿ ಬಿದ್ದ ಮಳೆ ಒಟ್ಟು 2100 ಮಿ.ಮೀ., ತೋಪಿನಿಂದ ಆವಿಯಾಗಿ ಹೋದ ನೀರು ಸುಮಾರು 3400 ಮಿ.ಮೀ. ಎಂದು ಅವರ ಲೆಕ್ಕ ಹೇಳಿತು. ಮಕ್ಕಳಿಗೆ ಈ ಕಳೆಯುವ ಲೆಕ್ಕ ಕೊಡುತ್ತೇನೆ: ಉಳಿದ 1300 ಮಿ.ಮೀ. ಎಲ್ಲಿಂದ ಬಂತು? ಯಾರಾದರೊಬ್ಬರು ಹಿಂದಿನ ಬೆಂಚಿನಿಂದ ಹೇಳುತ್ತಾರೆ: “ಕೆಳಗಡೆಯಿಂದ ಸಾರ್, ಹಳೇ ನೀರು.” ನಿಜ. ಅಜ್ಜನ ಕಾಲದ ಮಳೆಯನ್ನು ಮೊಮ್ಮಗನ ಮರ ಕುಡಿದಿತ್ತು.

ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಂದು ನದಿಗಳ ಹೆಸರನ್ನೆಲ್ಲ ನಂದಿಯ ಸುತ್ತ ಹುಟ್ಟಿಸಿಕೊಂಡು, ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಸಾವಿರ ಅಡಿಗೂ ಮೀರಿದ ಕೊಳವೆಬಾವಿಗಳು, ಅವುಗಳಲ್ಲಿ ಬರುವ ಫ್ಲೋರೈಡ್ ನೀರು, ಆ ನೀರಿನಿಂದ ಹಲ್ಲು ಕಂದಾದ ಮಕ್ಕಳು ನನ್ನ ಮುಂದೆ ಕೂರುತ್ತಾರೆ. ಇದಕ್ಕೆಲ್ಲ ನೀಲಗಿರಿಯೊಂದೇ ಕಾರಣವೆಂದರೆ ಅನ್ಯಾಯವಾದೀತು. ಕೊಳವೆಬಾವಿ ಕೊರೆದವರು ನಾವು, ಕೆರೆಗೆ ಹೂಳು ತುಂಬಲು ಬಿಟ್ಟವರೂ ನಾವೇ. ಆದರೂ ಕಡಿಮೆ ಮಳೆಯ ಸೀಮೆಯಲ್ಲಿ ಆಳಕ್ಕೆ ಬೇರಿಳಿಸುವ ಮರವನ್ನು ಸಾಲುಸಾಲಾಗಿ ನೆಟ್ಟದ್ದು ಜಾಣತನವಾಗಿರಲಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಕಡಿದ ಬುಡದಿಂದ ಮತ್ತೆ ಚಿಗುರುವ ಮರವಾದ್ದರಿಂದ ಬುಡ ಕೀಳಲು ಜೆಸಿಬಿಯೇ ಬೇಕು, ಅದರ ಬಾಡಿಗೆ ರೈತನ ತಲೆಗೆ.

“ಹಾಗಾದರೆ ತೈಲದ ಸೀಸೆ ಬಿಸಾಡಬೇಕಾ ಸಾರ್?” ಎಂದು ಹುಡುಗರು ಕೇಳುತ್ತಾರೆ. ಬೇಡ. ಆ ಸೀಸೆಗೆ ಬೇಕಾದ ಎಲೆ ನಮ್ಮ ತೋಪಿನದಲ್ಲ, ಒಂದು ಸೀಸೆ ಒಂದು ಸಂಸಾರಕ್ಕೆ ವರ್ಷ ಬರುತ್ತದೆ. ಅಳತೆ ಮೀರಿದಾಗ ಮಾತ್ರ ತೊಂದರೆ. ಕರವಸ್ತ್ರದಲ್ಲಿ ಎರಡು ಹನಿ ಸುಖ, ಮಗುವಿನ ಹೊಟ್ಟೆಯಲ್ಲಿ ಒಂದು ಚಮಚ ಆಪತ್ತು. ಮನೆಯ ಹಿಂದೆ ಒಂದು ಮರ ನೆರಳು, ಗೋಮಾಳದ ತುಂಬ ಮರ ಬರಿದಾದ ಬಾವಿ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಭೌತಶಾಸ್ತ್ರ ಕಲಿಸಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಡಾ. ಎಚ್. ನರಸಿಂಹಯ್ಯನವರು ಜೀವನಪೂರ್ತಿ ಹುಡುಗರಿಗೆ ಪ್ರಶ್ನೆ ಕೇಳಲು ಕಲಿಸಿದರು. ಎಷ್ಟು, ಯಾರಿಗೆ, ಯಾವಾಗ, ಅಳೆದು ನೋಡಿದವರಾರು ಎಂಬ ನಾಲ್ಕು ಪ್ರಶ್ನೆಗಳನ್ನು ನಮ್ಮ ಮಕ್ಕಳು ಸೀಸೆಗೂ ಕೇಳಲಿ, ತೋಪಿಗೂ ಕೇಳಲಿ. ಸದ್ಯಕ್ಕೆ, ಈ ಭಾನುವಾರ ಪತ್ರಿಕೆ ಮಡಚಿಟ್ಟ ಮೇಲೆ ನಿಮ್ಮ ಮನೆಯ ಗೂಡಿನಲ್ಲಿರುವ ಕಂದು ಸೀಸೆಗಳನ್ನೆಲ್ಲ ಒಮ್ಮೆ ಕೆಳಗಿಳಿಸಿ ನೋಡಿ. ಕುಡಿಯುವುದು ಬೇರೆ, ಹಚ್ಚುವುದು ಬೇರೆ ಇಡಿ. ಹಚ್ಚುವುದಕ್ಕೆ ಒಂದು ದಾರ ಸುತ್ತಿ, ಮಕ್ಕಳ ಕೈಗೆಟುಕದ ಹಲಗೆಗೆ ಏರಿಸಿ. ಐದು ನಿಮಿಷದ ಕೆಲಸ.